ಮ್ಯಾನೇಜರ್‌ಗಳಿಗೆ ಬದಲಾವಣೆ ಕಲಿಸುವ 6 ವಾರದ ತರಬೇತಿ: ನನ್ನ ಅನುಭವ

ನನ್ನ ಟೀಮಲ್ಲಿ 14 ಜನ ಇದ್ದಾರೆ. ಕಳೆದ ವರ್ಷ ನಮ್ಮ ಕಂಪನಿಯಲ್ಲಿ ಎರಡು ವಿಭಾಗಗಳನ್ನು ಸೇರಿಸಿ ಒಂದು ಮಾಡಿದರು, ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದರು, ನನ್ನ ಬಾಸ್ ಕೂಡ ಬದಲಾದರು. ಮೂರೂ ಒಂದೇ ತಿಂಗಳಲ್ಲಿ ಆಯಿತು. ಆಮೇಲೆ ನನ್ನಂಥ 18 ಮ್ಯಾನೇಜರ್‌ಗಳನ್ನು ಬದಲಾವಣೆ ನಿಭಾಯಿಸುವ ತರಬೇತಿಗೆ ಕಳಿಸಿದರು. ವಾರಕ್ಕೆ ಅರ್ಧ ದಿನ, ಒಟ್ಟು 6 ವಾರ. ಇಬ್ಬರು ತರಬೇತುದಾರರು, ಒಂದು ದಪ್ಪ ವರ್ಕ್‌ಬುಕ್, ಫೋನಿಗೆ ಒಂದು ಆ್ಯಪ್. ನಡೆಸಿಕೊಟ್ಟ ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇಂಥ ತರಬೇತಿಗಳು ಬಹುತೇಕ ಒಂದೇ ಅಚ್ಚಿನವು, ಅದಕ್ಕೇ ಈ ವಿಮರ್ಶೆ ಬೇರೆ ಕಡೆ ಸೇರುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ನಾನು ಹೇಗಿದ್ದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ವಿಭಾಗಗಳು ಒಂದಾಗುತ್ತವೆ ಅನ್ನೋದು ನನಗೆ ಮೂರು ವಾರ ಮೊದಲೇ ಗೊತ್ತಿತ್ತು. ಟೀಮಿನವರು ದಿನಾ ಕೇಳುತ್ತಿದ್ದರು, "ಮೇಡಂ, ಏನಾದ್ರೂ ಗೊತ್ತಾಯ್ತಾ?" ಅಂತ. ಇನ್ನೂ ಏನೂ ತೀರ್ಮಾನ ಆಗಿಲ್ಲ ಅಂತ ಹೇಳುತ್ತಾ ಬಂದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೊನೆಗೆ ವಿಷಯ ಅವರಿಗೆ ಬೇರೆ ವಿಭಾಗದಿಂದ ತಿಳಿಯಿತು. ಅವತ್ತಿನಿಂದ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳೋದನ್ನು ನಿಲ್ಲಿಸಿದ್ದೇ ನನಗೆ ಜಾಸ್ತಿ ಭಯ ಹುಟ್ಟಿಸಿತು. ಮೇಲಿನವರು ಒಂದು ಕಡೆ, ಟೀಮ್ ಇನ್ನೊಂದು ಕಡೆ, ಮದ್ದಳೆಗೆ ಎರಡೂ ಕಡೆ ಪೆಟ್ಟು ಬಿದ್ದ ಹಾಗೆ ಆಗಿತ್ತು ನನ್ನ ಸ್ಥಿತಿ. ಆ ಸಮಯಕ್ಕೆ ಈ ತರಬೇತಿ ಸಿಕ್ಕಿತು, ತುಂಬಾ ಆಸೆ ಇಟ್ಟುಕೊಂಡೇ ಹೋದೆ.

ಮೊದಲ ವಾರ ನಿರಾಸೆ. ಮೊದಲ ಸ್ಲೈಡಿನಲ್ಲೇ ದೊಡ್ಡ ಅಕ್ಷರದಲ್ಲಿ, ಸಂಸ್ಥೆಗಳಲ್ಲಿ ನಡೆಯುವ ಬದಲಾವಣೆಗಳಲ್ಲಿ ನೂರಕ್ಕೆ 70 ಸೋಲುತ್ತವೆ ಅಂತ ಇತ್ತು. ಈ ಅಂಕಿ ನೀವೂ ಎಲ್ಲೋ ಓದಿರುತ್ತೀರಿ. ಇದರ ಬೇರು ಹುಡುಕುತ್ತಾ ಹೋದರೆ 1993ರಲ್ಲಿ ಮೈಕೆಲ್ ಹ್ಯಾಮರ್ ಮತ್ತು ಜೇಮ್ಸ್ ಚಾಂಪಿ ಬರೆದ ಒಂದು ಮಾತು ಸಿಗುತ್ತದೆ. ಕಂಪನಿಯ ಕೆಲಸದ ವಿಧಾನವನ್ನೇ ಬುಡದಿಂದ ಬದಲಿಸುವ ಪ್ರಯತ್ನಗಳಲ್ಲಿ 50ರಿಂದ 70 ಭಾಗ ಅಂದುಕೊಂಡ ಫಲ ಕೊಡಲಿಲ್ಲ ಅಂತ ಅವರು ಅಂದಾಜು ಮಾಡಿದ್ದರು. ಅದು ವೈಜ್ಞಾನಿಕ ಲೆಕ್ಕ ಅಲ್ಲ ಅಂತ ಅವರೇ ಅಲ್ಲೇ ಹೇಳಿದ್ದರು. ಆಮೇಲೆ ಬಂದವರು ಆ ಮಾತನ್ನು ಬಿಟ್ಟು ಅಂಕಿ ಮಾತ್ರ ಎತ್ತಿಕೊಂಡರು. 2011ರಲ್ಲಿ ಮಾರ್ಕ್ ಹ್ಯೂಸ್ ಅನ್ನೋ ಸಂಶೋಧಕರು ಈ 70ರ ಬೆನ್ನು ಹತ್ತಿ, ಅದನ್ನು ಹೇಳಿದ ಐದು ಪ್ರಸಿದ್ಧ ಬರಹಗಳನ್ನು ಪರಿಶೀಲಿಸಿದರು. ಯಾವುದರಲ್ಲೂ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ.

ಒಂದು ಅಂಕಿಗೆ ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಸ್ಲೈಡ್ ಬಂದಾಗ ಕೋಣೆಯಲ್ಲಿ ಏನಾಯಿತು ಅಂತ ನಾನು ನೋಡಿದೆ. ನನ್ನ ಪಕ್ಕದವರು ಕುರ್ಚಿಗೆ ಒರಗಿ ಸಮಾಧಾನದಿಂದ ಉಸಿರು ಬಿಟ್ಟರು. ಹೇಗೂ ಸೋಲುತ್ತದೆ ಅಂದಮೇಲೆ ನಾವು ಮೈಮುರಿದು ಕೆಲಸ ಯಾಕೆ ಮಾಡಬೇಕು? ಮ್ಯಾನೇಜರ್‌ಗಳಲ್ಲಿ ನಾನು ಅತಿ ಹೆಚ್ಚು ನೋಡಿರುವ ನಡವಳಿಕೆಯೇ ಇದು. ಬಾಯಲ್ಲಿ ಹೂಂ ಅನ್ನೋದು, ಕೈಯಲ್ಲಿ ಏನೂ ಮಾಡದೆ ಕಾಯೋದು. ಹಿಂದೆಯೂ ಇಂಥವು ಬಂದು ಹೋಗಿವೆ, ಇದೂ ಹೋಗುತ್ತದೆ ಅನ್ನೋ ನಂಬಿಕೆ. ಇದನ್ನು ಬಿಡಿಸಲು ಬಂದ ತರಬೇತಿ ಮೊದಲ ಹತ್ತು ನಿಮಿಷದಲ್ಲೇ ಅದಕ್ಕೆ ನೀರೆರೆದರೆ ಹೇಗೆ?

ಆಮೇಲೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಮೂರು ಹೆಜ್ಜೆಗಳು ಬಂದವು. ಕರಗಿಸು, ಬದಲಿಸು, ಮತ್ತೆ ಹೆಪ್ಪುಗಟ್ಟಿಸು. ಜೊತೆಗೆ ಮಂಜುಗಡ್ಡೆಯ ಚಿತ್ರ. ಲೆವಿನ್ ತೀರಿಕೊಂಡಿದ್ದು 1947ರಲ್ಲಿ. ಆ ಮೂರು ಹೆಜ್ಜೆಯ ಬಗ್ಗೆ ಅವರು ಬರೆದದ್ದು ತುಂಬಾ ಕಡಿಮೆ, ಇವತ್ತು ಸ್ಲೈಡಿನಲ್ಲಿ ಕಾಣುವ ಅಚ್ಚುಕಟ್ಟು ಸೂತ್ರ ಅವರ ನಂತರದವರು ಕಟ್ಟಿದ್ದು ಅಂತ 2016ರಲ್ಲಿ ಮೂವರು ಸಂಶೋಧಕರು ತೋರಿಸಿದ್ದಾರೆ. ನನಗೆ ಲೆವಿನ್ ಅವರ ಇನ್ನೊಂದು ವಿಚಾರ ಹೆಚ್ಚು ಇಷ್ಟ. ಯಾವ ಸ್ಥಿತಿಯೂ ಸುಮ್ನೆ ನಿಂತಿರಲ್ಲ, ಮುಂದೆ ತಳ್ಳುವ ಬಲ ಮತ್ತು ಹಿಂದೆ ಎಳೆಯುವ ಬಲ ಎರಡೂ ಸಮ ಆಗಿರುವುದರಿಂದ ನಿಂತಿರುತ್ತದೆ. ತಳ್ಳುವುದನ್ನು ಹೆಚ್ಚಿಸಿದರೆ ಒತ್ತಡ ಹೆಚ್ಚುತ್ತದೆ, ಎಳೆಯುವುದನ್ನು ಕಡಿಮೆ ಮಾಡಿದರೆ ತಾನಾಗಿ ಸರಿಯುತ್ತದೆ. ಇದು ದಿನನಿತ್ಯ ಉಪಯೋಗಕ್ಕೆ ಬರುವ ಮಾತು. ತರಬೇತಿಯಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ನಿಮಿಷ.

ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಜಾನ್ ಕಾಟರ್ 1995ರಲ್ಲಿ ಹೇಳಿದ ಬದಲಾವಣೆಯ 8 ಹಂತಗಳೂ ಬಂದವು. ಚೆನ್ನಾಗಿವೆ, ಆದರೆ ಅವೆಲ್ಲ ಮೇಲಿನ ಕುರ್ಚಿಯಲ್ಲಿ ಕೂತು ನೋಡುವಂಥವು. ತುರ್ತು ಹುಟ್ಟಿಸು, ಗುರಿ ರೂಪಿಸು, ಗುರಿಯನ್ನು ಎಲ್ಲರಿಗೂ ತಿಳಿಸು. ಗುರಿ ರೂಪಿಸುವಾಗ ನಮ್ಮನ್ನು ಯಾರೂ ಕರೆಯಲಿಲ್ಲ. ತಿಳಿಸುವಾಗ ಮಾತ್ರ ನಮ್ಮ ಬಾಯಿ ಬೇಕಾಯಿತು.

ಇನ್ನೊಂದು ನನಗೆ ಕಸಿವಿಸಿ ಆಗಿದ್ದು ದುಃಖದ ರೇಖೆ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಎಲಿಜಬೆತ್ ಕುಬ್ಲರ್-ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಇದನ್ನು ಬರೆದದ್ದು ಸಾವಿನ ಹತ್ತಿರ ಇರುವ ರೋಗಿಗಳೊಂದಿಗೆ ಮಾತಾಡಿದ ಮೇಲೆ. ಅದನ್ನು ತಂದು ಆಫೀಸಿನವರ ಮೇಲೆ ಅಂಟಿಸಿದರು. "ನಿಮ್ಮ ಟೀಮ್ ಈಗ ಸಿಟ್ಟಿನ ಹಂತದಲ್ಲಿದೆ, ತಾನಾಗಿ ದಾಟುತ್ತದೆ" ಅಂತ ತರಬೇತುದಾರರು ಹೇಳಿದಾಗ, ಗೋದಾಮು ನೋಡಿಕೊಳ್ಳುವ ಮ್ಯಾನೇಜರ್ ಎದ್ದು ನಿಂತರು. "ಇಲ್ಲ ಸರ್, ಅವರು ಯಾವ ಹಂತದಲ್ಲೂ ಇಲ್ಲ. ಹೊಸ ಸ್ಕ್ಯಾನರ್ ಕೈಗವಸು ಹಾಕಿಕೊಂಡರೆ ಒತ್ತೋಕೆ ಆಗಲ್ಲ. ಅದನ್ನೇ ಹೇಳ್ತಾ ಇದ್ದಾರೆ, ಯಾರೂ ಕೇಳ್ತಾ ಇಲ್ಲ" ಅಂದರು. ಇಡೀ ಕೋಣೆ ಸುಮ್ಮನಾಯಿತು. ಆ ಒಂದು ಮಾತು ನನಗೆ ಆ ದಿನದ ಎಲ್ಲ ಸ್ಲೈಡ್‌ಗಳಿಗಿಂತ ದೊಡ್ಡದು. ಬದಲಾವಣೆ ಬಂದಾಗ ಮ್ಯಾನೇಜರ್ ಕಿವಿಗೆ ಎಲ್ಲ ದೂರೂ ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅನ್ನೋ ಹಾಗೆ ಕೇಳಿಸುತ್ತದೆ. ಆದರೆ ಕೆಲವು ಸಲ ಮೊಸರಲ್ಲಿ ನಿಜವಾಗಿಯೂ ಕಲ್ಲು ಇರುತ್ತದೆ. ಹಂತಗಳ ಹೆಸರು ಕಲಿತ ಮ್ಯಾನೇಜರ್‌ಗೆ ಅದನ್ನು ನೋಡದೇ ಇರಲು ಇನ್ನೊಂದು ನೆಪ ಸಿಗುತ್ತದೆ, ಅಷ್ಟೇ.

ಎರಡನೇ ವಾರ ಸ್ವಲ್ಪ ಜೀವ ಬಂತು. 1948ರಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಪ್ರಕಟಿಸಿದ ಅಧ್ಯಯನದ ಕಥೆ ಹೇಳಿದರು. ಅಮೆರಿಕದ ವರ್ಜೀನಿಯಾದಲ್ಲಿ ಪೈಜಾಮ ಹೊಲಿಯುವ ಹಾರ್ವುಡ್ ಕಾರ್ಖಾನೆ ಅದು. ಕೆಲಸದ ವಿಧಾನ ಬದಲಿಸಿದಾಗಲೆಲ್ಲ ಕೆಲಸಗಾರರ ವೇಗ ಬೀಳುತ್ತಿತ್ತು, ಜನ ಬಿಟ್ಟು ಹೋಗುತ್ತಿದ್ದರು. ಒಂದು ಗುಂಪಿಗೆ ಎಂದಿನಂತೆ ಹೊಸ ವಿಧಾನ, ಹೊಸ ದರ ಹೇಳಿ ಕಳಿಸಿದರು. ಇನ್ನೊಂದು ಗುಂಪಿನ ಪ್ರತಿನಿಧಿಗಳನ್ನು ಕರೆದು ಅವರ ಜೊತೆ ಕೂತು ವಿಧಾನ ರೂಪಿಸಿದರು. ಮತ್ತೆರಡು ಗುಂಪುಗಳಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಮಾಡಿದರು. ಬರೀ ಹೇಳಿ ಕಳಿಸಿದ ಗುಂಪಿನಲ್ಲಿ ಉತ್ಪಾದನೆ ಬಿದ್ದದ್ದು ಏಳಲೇ ಇಲ್ಲ, ಮೊದಲ 40 ದಿನದಲ್ಲಿ ನೂರಕ್ಕೆ 17 ಜನ ಕೆಲಸ ಬಿಟ್ಟರು. ಎಲ್ಲರೂ ಕೂತು ಮಾಡಿದ ಗುಂಪುಗಳು ಬೇಗ ಚೇತರಿಸಿಕೊಂಡವು, ಕೊನೆಗೆ ಹಳೆಯ ಮಟ್ಟಕ್ಕಿಂತ ನೂರಕ್ಕೆ 14ರಷ್ಟು ಮೇಲೆ ಹೋದವು. ಅವುಗಳಲ್ಲಿ ಆ ಅವಧಿಯಲ್ಲಿ ಒಬ್ಬರೂ ಬಿಟ್ಟು ಹೋಗಲಿಲ್ಲ.

ಇದನ್ನು ಹೇಳಿ ನಮ್ಮನ್ನೂ ಎರಡು ಗುಂಪು ಮಾಡಿ ಕಾಗದ ಮಡಚುವ ಆಟ ಆಡಿಸಿದರು. ಆಟದಲ್ಲಿ ಎರಡೂ ಗುಂಪು ಸಮ ಬಂತು! ತರಬೇತುದಾರರು ಅದನ್ನು ಮುಚ್ಚಿಡಲಿಲ್ಲ, ಅರ್ಧ ಗಂಟೆಯ ಆಟದಲ್ಲಿ ಯಾರ ಸಂಬಳವೂ ಮರ್ಯಾದೆಯೂ ಪಣಕ್ಕೆ ಇರಲ್ಲ, ಅದಕ್ಕೇ ವ್ಯತ್ಯಾಸ ಕಾಣಲಿಲ್ಲ ಅಂತ ನೇರವಾಗಿ ಹೇಳಿದರು. ಇದು ನನಗೆ ತುಂಬಾ ಹಿಡಿಸಿತು. ಆದರೆ ಒಂದು ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. ಮೇಲಿನವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರೆ ನಾನು ಟೀಮಿನ ಜೊತೆ ಕೂತು ಏನು ರೂಪಿಸಲಿ? ಮುಗಿದುಹೋದ ವಿಷಯದ ಮೇಲೆ ಅಭಿಪ್ರಾಯ ಕೇಳೋದು ಕೇಳದೇ ಇರೋದಕ್ಕಿಂತ ಕೆಟ್ಟದ್ದು. ಜನಕ್ಕೆ ಎರಡನೇ ಮೀಟಿಂಗಿಗೇ ಗೊತ್ತಾಗಿಬಿಡುತ್ತದೆ, ಆಮೇಲೆ ನಿಜವಾಗಿ ಕೇಳಿದಾಗಲೂ ಬಾಯಿ ಬಿಡಲ್ಲ. ಕೊನೆಗೆ ನಾನೇ ಕಂಡುಕೊಂಡ ದಾರಿ ಇಷ್ಟು: ಯಾವುದು ಮುಗಿದಿದೆ, ಯಾವುದು ಇನ್ನೂ ನಮ್ಮ ಕೈಯಲ್ಲಿದೆ ಅಂತ ಮೊದಲೇ ಹೇಳಿಬಿಡುವುದು. ವಿಭಾಗ ಒಂದಾಗುವುದು ಮುಗಿದ ವಿಷಯ. ಯಾರು ಯಾರ ಪಕ್ಕ ಕೂರಬೇಕು, ಬೆಳಗಿನ ಮೀಟಿಂಗ್ ಇರಬೇಕಾ ಬೇಡವಾ, ಎರಡು ಟೀಮಿನ ಫೈಲ್ ಹೆಸರುಗಳಲ್ಲಿ ಯಾವ ಪದ್ಧತಿ ಇಟ್ಟುಕೊಳ್ಳಬೇಕು, ಇವೆಲ್ಲ ಇನ್ನೂ ನಮ್ಮ ಕೈಯಲ್ಲಿದ್ದವು. ಸಣ್ಣವು ಅನ್ನಿಸಬಹುದು. ಆದರೆ ಫೈಲ್ ಹೆಸರಿನ ಮೇಲೆ ನಮ್ಮವರು ಒಂದೂವರೆ ಗಂಟೆ ಮಾತಾಡಿದರು, ಹೊಸದಾಗಿ ಸೇರಿದ ಎರಡೂ ಕಡೆಯವರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿದ್ದು ಅವತ್ತೇ.

ಈಗ ಮೂರನೇ ವಾರ. ಈ ವಿಮರ್ಶೆ ಬರೆಯಲು ಕೂತದ್ದೇ ಇದಕ್ಕಾಗಿ.

ವಿಲಿಯಂ ಬ್ರಿಡ್ಜಸ್ ಅನ್ನೋರು ಬದಲಾವಣೆ ಬೇರೆ, ದಾಟುವಿಕೆ ಬೇರೆ ಅಂತ ಹೇಳಿದ್ದರು. ಬದಲಾವಣೆ ಹೊರಗೆ ಆಗುವಂಥದ್ದು: ಹೊಸ ಬಾಸ್, ಹೊಸ ಜಾಗ, ಹೊಸ ಸಾಫ್ಟ್‌ವೇರ್. ಅದಕ್ಕೆ ಒಂದು ತಾರೀಕು ಇರುತ್ತದೆ. ದಾಟುವಿಕೆ ಮನಸ್ಸಿನೊಳಗೆ ನಡೆಯುವಂಥದ್ದು, ಅದಕ್ಕೆ ತಾರೀಕು ಇಲ್ಲ. ಅದು ಶುರುವಾಗುವುದು ಕೊನೆಯಿಂದ, ಅಂದರೆ ಏನನ್ನೋ ಬಿಡುವುದರಿಂದ. ಆಮೇಲೆ ಹಳೆಯದೂ ಇಲ್ಲ ಹೊಸದೂ ಕೂಡಿಬಂದಿಲ್ಲ ಅನ್ನೋ ನಡುವಿನ ಕಾಲ. ಹೊಸ ಆರಂಭ ಬರುವುದು ಎಲ್ಲಕ್ಕಿಂತ ಕೊನೆಗೆ. ಕಂಪನಿಗಳು ಆರಂಭದ ದಿನವನ್ನೇ ಮೊದಲು ಆಚರಿಸುತ್ತವೆ, ಅದೇ ತೊಂದರೆ.

ತರಬೇತುದಾರರು ಒಂದೊಂದು ಹಾಳೆ ಕೊಟ್ಟು, ಈ ಬದಲಾವಣೆಯಿಂದ ಏನು ಕಳೆದುಹೋಗುತ್ತಿದೆ ಅಂತ ಬರೆಯಲು ಹೇಳಿದರು. ನಾವೆಲ್ಲ ಚಕಚಕ ಬರೆದೆವು. ನನ್ನ ಟೀಮಿನವರಿಗೆ ಹಳೆಯ ಸ್ನೇಹಿತರ ಗುಂಪು ತಪ್ಪುತ್ತದೆ, ಗೊತ್ತಿದ್ದ ಕೆಲಸ ಹೋಗುತ್ತದೆ, ಹೀಗೆ. ಅವರು ಸುತ್ತಾಡಿ ಎಲ್ಲರ ಹಾಳೆ ನೋಡಿದರು. ನೋಡಿ, "ಎಲ್ಲರೂ ಬೇರೆಯವರ ಬಗ್ಗೆ ಬರೆದಿದ್ದೀರಿ. ಹಾಳೆ ತಿರುಗಿಸಿ. ನೀವು ಏನು ಕಳೆದುಕೊಳ್ತಿದ್ದೀರಿ ಅಂತ ಬರೀರಿ" ಅಂದರು. ಇಪ್ಪತ್ತು ನಿಮಿಷ ಕೊಟ್ಟರು. ಮೊದಲ ಹತ್ತು ನಿಮಿಷ ನನ್ನ ಪೆನ್ನು ಓಡಲಿಲ್ಲ.

ಆಮೇಲೆ ಬರೆದದ್ದು ಹೀಗೆ. ಹಳೆಯ ಸಾಫ್ಟ್‌ವೇರಿನ ಮೂಲೆಮೂಲೆ ನನಗೆ ಗೊತ್ತು. ಎಲ್ಲಿ ಸಿಕ್ಕಿಕೊಂಡರೂ ಜನ ನನ್ನ ಟೇಬಲ್ ಹತ್ತಿರ ಬರುತ್ತಿದ್ದರು. ಹೊಸದು ಬಂದ ದಿನದಿಂದ, ನಿನ್ನೆ ಸೇರಿದ ಹುಡುಗಿಗೆ ಗೊತ್ತಿರುವಷ್ಟೇ ನನಗೂ ಗೊತ್ತು, ಬಹುಶಃ ಅವಳಿಗಿಂತ ಕಡಿಮೆ. ನನ್ನ ಹಳೆಯ ಬಾಸ್‌ಗೆ ನನ್ನ ಮೇಲೆ ನಂಬಿಕೆ ಬರಲು ನಾಲ್ಕು ವರ್ಷ ಬೇಕಾಯಿತು, ಹೊಸಬರ ಹತ್ತಿರ ಅದು ಸೊನ್ನೆಯಿಂದ ಶುರು. ಇದನ್ನು ಬರೆದಾಗ ಒಂದು ವಿಷಯ ಹೊಳೆಯಿತು. ಆ ಮೂರು ವಾರ ನಾನು ಟೀಮಿಗೆ ಏನೂ ಹೇಳದೇ ಇದ್ದದ್ದು ಅವರಿಗೆ ಬೇಸರ ಆಗಬಾರದು ಅಂತ ಅಂದುಕೊಂಡಿದ್ದೆ. ಅದಲ್ಲ ಕಾರಣ. ನನಗೆ ಒಪ್ಪಿಕೊಳ್ಳಲು ಆಗಿರಲಿಲ್ಲ, ಬಾಯಿಬಿಟ್ಟು ಹೇಳಿದರೆ ಅದು ನಿಜ ಆಗಿಬಿಡುತ್ತದೆ ಅನ್ನೋ ಭಯ.

ಲೆಕ್ಕಪತ್ರ ವಿಭಾಗದ ಮ್ಯಾನೇಜರ್, ನಮ್ಮಲ್ಲೆಲ್ಲ ಹಿರಿಯರು, ಎದ್ದು ತಮ್ಮ ಹಾಳೆ ಓದಿದರು. "ತಿಂಗಳ ಕೊನೆಯ ಲೆಕ್ಕ ನಾನು ಇಲ್ಲದೆ ಮುಗಿಯಲ್ಲ ಅಂತ ಎಲ್ಲರೂ ಹೇಳ್ತಿದ್ರು. ಈಗ ಮುಗಿಯುತ್ತೆ." ಇಷ್ಟೇ ಬರೆದಿದ್ದರು. ಯಾರೂ ಮಾತಾಡಲಿಲ್ಲ. ತರಬೇತುದಾರರೂ ಏನೂ ಸೇರಿಸಲಿಲ್ಲ, ಹಾಗೆ ಸುಮ್ಮನಿದ್ದದ್ದಕ್ಕೆ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಅದೇ ದಿನ ಮಧ್ಯಾಹ್ನ ಇನ್ನೊಂದು ಸಂಗತಿ ತಿಳಿಯಿತು. 1981ರಲ್ಲಿ ಬ್ಯಾರಿ ಸ್ಟಾ ಮತ್ತು ಇನ್ನಿಬ್ಬರು ಬರೆದ ವಿಚಾರ: ಅಪಾಯ ಎದುರಾದಾಗ ವ್ಯಕ್ತಿಗಳೂ ಸಂಸ್ಥೆಗಳೂ ಬಿಗಿಯಾಗುತ್ತವೆ. ಹೊಸ ಮಾಹಿತಿ ಒಳಗೆ ಬರುವುದು ಕಡಿಮೆಯಾಗುತ್ತದೆ, ಹಿಡಿತ ಮೇಲಿನವರ ಕೈಗೆ ಹೋಗುತ್ತದೆ, ಚೆನ್ನಾಗಿ ರೂಢಿಯಾದ ಹಳೆಯ ಕೆಲಸವನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾರೆ. ಇದನ್ನು ಕೇಳುತ್ತಾ ನಾನು ನನ್ನ ಆ ತಿಂಗಳ ಇಮೇಲ್‌ಗಳನ್ನು ನೆನೆಸಿಕೊಂಡೆ. ಮೊದಲು ವಾರಕ್ಕೊಂದು ರಿಪೋರ್ಟ್ ಕೇಳುತ್ತಿದ್ದವಳು ದಿನಕ್ಕೊಂದು ಕೇಳಲು ಶುರು ಮಾಡಿದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು ಅಂತ ನೋಡುತ್ತಿದ್ದೆ. ಎಲ್ಲ ಮೇಲ್‌ಗೂ ನನಗೊಂದು ಪ್ರತಿ ಹಾಕಿ ಅಂದಿದ್ದೆ. ಸಾಮಾನ್ಯ ದಿನಗಳಲ್ಲಿ ನಾನು ಹಾಗಲ್ಲ. ಒಳ್ಳೆಯ ಮ್ಯಾನೇಜರ್ ಅನ್ನಿಸಿಕೊಂಡವರು ಬದಲಾವಣೆ ಬಂದ ಕೂಡಲೇ ಯಾಕೆ ಎಲ್ಲದಕ್ಕೂ ಕೈ ಹಾಕುತ್ತಾರೆ ಅಂತ ಎಷ್ಟೋ ಸಲ ಯೋಚಿಸಿದ್ದೆ, ಉತ್ತರ ನಾನು ಕಳಿಸಿದ ಮೇಲ್‌ಗಳಲ್ಲೇ ಇತ್ತು. ಇದು ಬೈಯಬೇಕಾದ ಗುಣ ಅಲ್ಲ, ಗುರುತಿಸಬೇಕಾದ ಲಕ್ಷಣ. ನಿಮ್ಮ ಬಾಸ್ ಇದ್ದಕ್ಕಿದ್ದ ಹಾಗೆ ಸಣ್ಣಸಣ್ಣದಕ್ಕೂ ಲೆಕ್ಕ ಕೇಳಲು ಶುರು ಮಾಡಿದ್ದರೆ, ಅವರ ಕಾಲಡಿಯ ನೆಲವೂ ಅಲ್ಲಾಡುತ್ತಿದೆ ಅಂತ ಒಮ್ಮೆ ಯೋಚಿಸಿ ನೋಡಿ.

ಈ ಒಂದು ಅರ್ಧ ದಿನವನ್ನು ತರಬೇತಿಯ ಮೊದಲ ದಿನಕ್ಕೆ ತರಬೇಕಿತ್ತು. ಮ್ಯಾನೇಜರ್ ಅಂದರೆ ಬದಲಾವಣೆಯನ್ನು ಹೊತ್ತು ತಂದು ಬೇರೆಯವರಿಗೆ ಕೊಡುವವರು ಅಂತಲೇ ಉಳಿದ ಐದು ವಾರಗಳೂ ನಡೆದವು. ಆ ಮ್ಯಾನೇಜರ್ ಕೂಡ ಬದಲಾವಣೆಗೆ ಸಿಕ್ಕಿದವರೇ ಅಲ್ವಾ? ಅವರಿಗೂ ಸಾಲ, ಮಕ್ಕಳ ಓದು, ಮುಂದೆ ಈ ಕುರ್ಚಿ ಇರುತ್ತದಾ ಅನ್ನೋ ಚಿಂತೆ ಇರುತ್ತದೆ. ಅವರು ಮೊದಲು ತಾವು ದಾಟದೆ ಟೀಮನ್ನು ದಾಟಿಸಲು ಆಗಲ್ಲ.

ನಾಲ್ಕನೇ ವಾರ ಮಾತುಕತೆಯ ಅಭ್ಯಾಸ. ಒಬ್ಬರು ಮ್ಯಾನೇಜರ್, ಒಬ್ಬರು ಸಿಬ್ಬಂದಿ, ಕೆಟ್ಟ ಸುದ್ದಿ ಹೇಳುವ ನಟನೆ. ಇದು ಕೃತಕವಾಗಿತ್ತು. ಸಿಬ್ಬಂದಿ ಪಾತ್ರದವರು ಐದು ನಿಮಿಷದಲ್ಲಿ ಒಪ್ಪಿಬಿಡುತ್ತಿದ್ದರು. ನಿಜವಾಗಿ ಹಾಗೆ ಆಗಲ್ಲ. ಜನ ತಲೆ ಆಡಿಸಿ ಹೋಗುತ್ತಾರೆ, ನಿಜವಾದ ಪ್ರಶ್ನೆ ಎರಡು ದಿನ ಬಿಟ್ಟು, ಮೆಟ್ಟಿಲ ಹತ್ತಿರ ಸಿಕ್ಕಾಗ ಬರುತ್ತದೆ. ಆದರೆ ವರ್ಕ್‌ಬುಕ್‌ನಲ್ಲಿ ಆ ವಾರದ ಒಂದು ಪುಟ ಚಿನ್ನ. ಮೂರು ಕಾಲಂ ಹಾಕಿದ ಹಾಳೆ: ಗೊತ್ತಿರುವುದು, ಇನ್ನೂ ಗೊತ್ತಿಲ್ಲದ್ದು, ಗೊತ್ತಿದ್ದರೂ ಈಗ ಹೇಳಲು ಅನುಮತಿ ಇಲ್ಲದ್ದು. ಮೂರನೇ ಕಾಲಂ ನನ್ನನ್ನು ಉಳಿಸಿತು. ಹೇಳಲಾಗದ್ದು ಇದೆ ಅಂತ ಹೇಳೋದೂ ಒಂದು ಪ್ರಾಮಾಣಿಕ ಉತ್ತರ ಅಂತ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಈಗ ಪ್ರತಿ ಸೋಮವಾರ ಈ ಹಾಳೆಯನ್ನು ಟೀಮಿನ ಮುಂದೆ ಇಡುತ್ತೇನೆ. ಎರಡನೇ ಕಾಲಂಗೆ, ಯಾವಾಗ ಗೊತ್ತಾಗಬಹುದು ಅನ್ನೋ ತಾರೀಕನ್ನೂ ಸೇರಿಸಿಕೊಂಡಿದ್ದೇನೆ.

ತರಬೇತಿಯ ದೊಡ್ಡ ಕೊರತೆ ನನಗೆ ಕಂಡದ್ದೂ ಇದೇ ವಾರ. ಕೆಳಗಿನವರಿಗೆ ಹೇಗೆ ಹೇಳಬೇಕು ಅಂತ ನಾಲ್ಕು ಗಂಟೆ ಕಲಿಸಿದರು. ಮೇಲಿನವರಿಗೆ ಹೇಗೆ ಹೇಳಬೇಕು ಅಂತ ಒಂದು ನಿಮಿಷವೂ ಇಲ್ಲ. ಕೇಳಿದರೆ, ಅದು ಬೇರೆ ಕೋರ್ಸ್ ಅಂದರು. ನನಗೆ ಇದು ಒಪ್ಪಿಗೆ ಆಗಲೇ ಇಲ್ಲ. ನೋಕಿಯಾ ಸ್ಮಾರ್ಟ್‌ಫೋನ್ ಪೈಪೋಟಿಯಲ್ಲಿ ಯಾಕೆ ಬಿತ್ತು ಅಂತ ತಿಮೋ ವೂರಿ ಮತ್ತು ಕ್ವಿ ಹುಯ್ ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಮ್ಯಾನೇಜರ್‌ಗಳು, ಎಂಜಿನಿಯರ್‌ಗಳು ಸೇರಿ 76 ಜನರ ಜೊತೆ ಮಾತಾಡಿದ್ದರು. ಅವರು ಕಂಡದ್ದು ಭಯ. ಮೇಲಿನವರಿಗೆ ಹೊರಗಿನ ಪೈಪೋಟಿಯ ಮತ್ತು ಷೇರುದಾರರ ಭಯ, ನಡುವಿನ ಮ್ಯಾನೇಜರ್‌ಗಳಿಗೆ ಮೇಲಿನವರ ಭಯ. ಆಪರೇಟಿಂಗ್ ಸಿಸ್ಟಮ್ ಹಿಂದೆ ಬಿದ್ದಿದೆ, ಹೇಳಿದ ಸಮಯಕ್ಕೆ ಆಗಲ್ಲ ಅನ್ನೋದು ನಡುವಿನವರಿಗೆ ಗೊತ್ತಿತ್ತು. ಆ ಕೆಟ್ಟ ಸುದ್ದಿ ಇದ್ದ ಹಾಗೆ ಮೇಲೆ ಹೋಗಲಿಲ್ಲ. ಆಗ ಜಗತ್ತಿನ ಅತಿ ದೊಡ್ಡ ಫೋನ್ ಕಂಪನಿಯಾಗಿದ್ದ ನೋಕಿಯಾಗೇ ಹೀಗಾಗುವುದಾದರೆ ನಮ್ಮ ಗೋದಾಮಿನ ಸ್ಕ್ಯಾನರ್ ಸುದ್ದಿ ಮೇಲೆ ಹೋಗದೇ ಇದ್ದದ್ದರಲ್ಲಿ ಆಶ್ಚರ್ಯ ಏನು?

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಇಂಟೆಲ್ ಕಂಪನಿ 1985ರ ಸುಮಾರಿಗೆ ಮೆಮೊರಿ ಚಿಪ್ ಬಿಟ್ಟು ಮೈಕ್ರೊಪ್ರೊಸೆಸರ್ ಕಡೆ ತಿರುಗಿದ್ದನ್ನು ಆಗ ಅದರ ಮುಖ್ಯಸ್ಥರಾಗಿದ್ದ ಆ್ಯಂಡಿ ಗ್ರೋವ್ ಮತ್ತು ಗೋರ್ಡನ್ ಮೂರ್ ಅವರ ದಿಟ್ಟ ತೀರ್ಮಾನ ಅಂತಲೇ ಎಲ್ಲ ಕಡೆ ಹೇಳುತ್ತಾರೆ. ಆದರೆ ಆ ತೀರ್ಮಾನ ಆಗುವ ಮೊದಲೇ ಕಾರ್ಖಾನೆಯ ಸಾಮರ್ಥ್ಯ ಸ್ವಲ್ಪಸ್ವಲ್ಪವಾಗಿ ಆ ಕಡೆ ಸರಿದಿತ್ತು. ಯಾವ ಚಿಪ್‌ನಿಂದ ಹೆಚ್ಚು ಲಾಭವೋ ಅದಕ್ಕೆ ಜಾಗ ಕೊಡಬೇಕು ಅನ್ನೋ ಒಂದು ನಿಯಮ ಇತ್ತು, ನಡುವಿನ ಮ್ಯಾನೇಜರ್‌ಗಳು ಅದನ್ನು ಪಾಲಿಸುತ್ತಾ ಹೋದರು. ಮೇಲಿನವರು ನಾವು ಮೆಮೊರಿ ಕಂಪನಿ ಅಂತ ಅಂದುಕೊಂಡಿದ್ದಾಗಲೇ ಕೆಲಸದಲ್ಲಿ ಕಂಪನಿ ಬದಲಾಗಿತ್ತು. ರಾಬರ್ಟ್ ಬರ್ಗೆಲ್ಮನ್ ಅನ್ನೋ ಸಂಶೋಧಕರು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ನಡುವಿನವರು ಬದಲಾವಣೆಗೆ ಅಡ್ಡಗಾಲು ಅನ್ನೋ ಮಾತು ಈ ತರಬೇತಿಯಲ್ಲಿ ಕನಿಷ್ಠ ನಾಲ್ಕು ಸಲ ಬಂತು. ಪ್ರತಿ ಸಲವೂ ನನಗೆ ಇಂಟೆಲ್ ನೆನಪಾಯಿತು, ನಾಲ್ಕನೇ ಸಲ ಕೈ ಎತ್ತಿ ಹೇಳಿಯೂ ಬಿಟ್ಟೆ.

ಐದನೇ ವಾರ ಅಳತೆ ಮಾಡುವುದು. ಇಲ್ಲಿ ಒಂದು ಒಳ್ಳೆಯದು, ಎರಡು ಕೆಟ್ಟವು. ಒಳ್ಳೆಯದು ಜೆಫ್ ಹಯಾಟ್ ಅವರ ಐದು ಮೆಟ್ಟಿಲು, ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿಸಿ ಆಡ್ಕಾರ್ ಅಂತ ಕರೆಯುತ್ತಾರೆ: ಅರಿವು, ಇಚ್ಛೆ, ತಿಳಿವಳಿಕೆ, ಸಾಮರ್ಥ್ಯ, ಗಟ್ಟಿಮಾಡುವಿಕೆ. ಒಬ್ಬರು ಎಲ್ಲಿ ನಿಂತಿದ್ದಾರೆ ಅಂತ ಗುರುತಿಸಲು ಇದು ನಿಜವಾಗಿ ಸಹಾಯಕ. ಇಷ್ಟ ಇಲ್ಲದವರಿಗೆ ನಾವು ಮತ್ತೆ ಮತ್ತೆ ಸಾಫ್ಟ್‌ವೇರ್ ಪಾಠ ಮಾಡುತ್ತೇವೆ. ಪಾಠ ಅರ್ಥವಾಗಿ ಬರೀ ಕೈ ಪಳಗಬೇಕಾದವರಿಗೆ ಸ್ಫೂರ್ತಿಯ ಭಾಷಣ ಮಾಡುತ್ತೇವೆ.

ಕೆಟ್ಟದ್ದರಲ್ಲಿ ಒಂದು, ಎವರೆಟ್ ರೋಜರ್ಸ್ ಅವರ 1962ರ ವಿಂಗಡಣೆಯನ್ನು ಬಳಸಿದ ರೀತಿ. ಹೊಸದನ್ನು ಮೊದಲು ಹಿಡಿಯುವವರು ನೂರಕ್ಕೆ 2.5, ಕೊನೆಗೆ ಬರುವವರು 16, ಹೀಗೆ ಅದು ಹೋಗುತ್ತದೆ. ನಮ್ಮ ಟೀಮಿನವರ ಹೆಸರುಗಳನ್ನು ಆ ಖಾನೆಗಳಲ್ಲಿ ತುಂಬಲು ಹೇಳಿದರು. ನಾನು ತುಂಬಲಿಲ್ಲ. ಸಾಫ್ಟ್‌ವೇರಿನಲ್ಲಿ ಎಲ್ಲರಿಗಿಂತ ಹಿಂದೆ ಇರುವ ನನ್ನ ಒಬ್ಬ ಸಹೋದ್ಯೋಗಿ ಹೊಸ ಪಾಳಿ ಪದ್ಧತಿಗೆ ಎಲ್ಲರಿಗಿಂತ ಮೊದಲು ಒಗ್ಗಿಕೊಂಡರು. ಅವರನ್ನು ಯಾವ ಖಾನೆಗೆ ಹಾಕಲಿ? ಒಂದು ಸಲ ಮ್ಯಾನೇಜರ್ ಕೈಯಲ್ಲಿ ಕೊನೆಯವರು ಅಂತ ಬರೆದುಬಿಟ್ಟರೆ ಆ ಹೆಸರು ಅಳಿಸುವುದು ಕಷ್ಟ.

ಇನ್ನೊಂದು ಆ ಆ್ಯಪ್. ವಾರಕ್ಕೆ ಐದು ಪ್ರಶ್ನೆ ಕೇಳಿ ಟೀಮ್ ಎಷ್ಟು ಸಿದ್ಧವಾಗಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಉತ್ತರಿಸಿದವರ ಹೆಸರು ಕಾಣಲ್ಲ ಅಂತ ಹೇಳಿದ್ದರು, ಆದರೆ ಮೂರು ಜನರ ಉಪತಂಡದ ಉತ್ತರವನ್ನೂ ಬೇರೆಯಾಗಿ ತೋರಿಸುತ್ತಿತ್ತು. ಮೂವರಲ್ಲಿ ಯಾರು ಏನು ಬರೆದರು ಅಂತ ಯಾರಿಗೆ ತಾನೇ ಗೊತ್ತಾಗಲ್ಲ? ನನ್ನ ಟೀಮಿಗೆ ಹಸಿರು ಬಣ್ಣ ಬಂದ ವಾರವೇ ಇಬ್ಬರು ಬಂದು, ಬೇರೆ ಕೆಲಸ ನೋಡ್ತಾ ಇದ್ದೀವಿ ಅಂದರು. ಆ್ಯಪ್ ಬಗ್ಗೆ ಇಷ್ಟು ಸಾಕು.

ಆರನೇ ವಾರ ಎಲ್ಲರೂ ತಮ್ಮ ಯೋಜನೆ ಮಂಡಿಸುವುದು. ಕೊನೆಯ ಒಂದು ಗಂಟೆಗೆ ನಮ್ಮ ಮೇಲಿನವರು ಬಂದು ಕೂತರು, ಕೂಡಲೇ ಎಲ್ಲರ ಮಾತಿನ ಧಾಟಿ ಬದಲಾಯಿತು. ಮೂರನೇ ವಾರ ಮನಸ್ಸು ಬಿಚ್ಚಿದ್ದ ಜನ ಎಲ್ಲವೂ ಚೆನ್ನಾಗಿದೆ ಅನ್ನತೊಡಗಿದರು. ಗೋದಾಮಿನವರು ಮಾತ್ರ ಸ್ಕ್ಯಾನರ್ ಮತ್ತು ಒಂದು ಜೊತೆ ಕೈಗವಸು ತಂದಿದ್ದರು. ಮೇಲಿನವರೊಬ್ಬರ ಕೈಗೆ ಅದನ್ನು ಹಾಕಿಸಿ, ಒತ್ತಿ ನೋಡಿ ಸರ್ ಅಂದರು. ಎರಡು ವಾರದಲ್ಲಿ ಬೇರೆ ಸ್ಕ್ಯಾನರ್ ಬಂತು.

ತರಬೇತಿ ಮುಗಿದು ಈಗ ನಾಲ್ಕು ತಿಂಗಳು. ಬೇರೆ ಕೆಲಸ ನೋಡುತ್ತಿದ್ದ ಇಬ್ಬರಲ್ಲಿ ಒಬ್ಬರು ಹೋದರು, ಒಬ್ಬರು ಉಳಿದರು. ದಿನದ ರಿಪೋರ್ಟ್ ನಿಲ್ಲಿಸಿದ್ದೇನೆ. ಹೊಸ ಸಾಫ್ಟ್‌ವೇರನ್ನು ನನಗೆ ಹೇಳಿಕೊಟ್ಟದ್ದು ಆ ಹೊಸ ಹುಡುಗಿಯೇ, ಟೀಮಿನ ಎದುರೇ ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕಲಿತೆ. ಮೊದಲ ದಿನ ಕಿವಿ ಬಿಸಿಯಾಗಿತ್ತು. ಆದರೆ ಆಮೇಲೆ ಹಿರಿಯರಿಬ್ಬರು, ನಮಗೂ ಬರಲ್ಲ ಅಂತ ತಾವಾಗಿ ಹೇಳಿಕೊಂಡು ಬಂದರು. ಎರಡು ತಿಂಗಳಿಂದ ಅವರು ಬರುತ್ತದೆ ಅಂತ ತೋರಿಸಿಕೊಳ್ಳುತ್ತಾ ಹಳೆಯ ವಿಧಾನದಲ್ಲೇ ಕೈಯಿಂದ ಲೆಕ್ಕ ಬರೆದುಕೊಳ್ಳುತ್ತಿದ್ದರಂತೆ. ಅದು ನನಗೆ ಗೊತ್ತೇ ಇರಲಿಲ್ಲ.

ತರಬೇತಿ ಸಂಸ್ಥೆಯವರ ಮೇಲೆ ಒಂದು ದೂರು. 90 ದಿನ ಆದಮೇಲೆ ಪ್ರತಿಯೊಬ್ಬರಿಗೂ ಫೋನ್ ಮಾಡಿ ಮಾತಾಡುತ್ತೇವೆ ಅಂದಿದ್ದರು. ಬಂದದ್ದು ತೃಪ್ತಿ ಇದೆಯಾ ಅಂತ ಕೇಳುವ ಒಂದು ಆನ್‌ಲೈನ್ ಫಾರ್ಮ್. ನಿಜವಾಗಿ ಸಹಾಯ ಬೇಕಾಗಿದ್ದು ಆ ಸಮಯಕ್ಕೇ, ಮೊದಲ ಉತ್ಸಾಹ ಇಳಿದು ಹಳೆಯ ಅಭ್ಯಾಸ ಮೆಲ್ಲಗೆ ವಾಪಸ್ ಬರುವ ಹೊತ್ತಿಗೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಎರಡು ಅಂಕ ಮೂರನೇ ವಾರಕ್ಕೇ. ಬದಲಾವಣೆ ಈಗಾಗಲೇ ಶುರುವಾಗಿ ಉಸಿರುಗಟ್ಟಿರುವ ನಡುವಿನ ಮ್ಯಾನೇಜರ್‌ಗಳಿಗೆ ಇದು ಉಪಯೋಗ. ಬದಲಾವಣೆಯನ್ನು ತೀರ್ಮಾನಿಸುವ ಮೇಲಿನವರಿಗೂ ಉಪಯೋಗ, ಆದರೆ ಅವರು ನಮ್ಮ ಜೊತೆ ಆರೂ ವಾರ ಕೂರಬೇಕು, ಕೊನೆಯ ಗಂಟೆಗೆ ಬಂದರೆ ಸಾಲದು. ಇನ್ನೂ ಯಾವ ಬದಲಾವಣೆಯೂ ಎದುರಿಲ್ಲದವರು ಈಗಲೇ ಹೋಗಬೇಕಾಗಿಲ್ಲ, ಹಾಳೆ ತಿರುಗಿಸಿದಾಗ ಬರೆಯಲು ಏನೂ ಇರಲ್ಲ.

ಸೇರುವ ಮೊದಲು ಸಂಸ್ಥೆಯವರನ್ನು ಇವಿಷ್ಟು ಕೇಳಿಕೊಳ್ಳಿ. ಒಂದು ಬ್ಯಾಚಿನಲ್ಲಿ ಎಷ್ಟು ಜನ? ನಮ್ಮಲ್ಲಿ 18 ಇದ್ದೆವು, ಅದಕ್ಕಿಂತ ಜಾಸ್ತಿ ಆಗಿದ್ದರೆ ಲೆಕ್ಕಪತ್ರದವರು ಎದ್ದು ಆ ಹಾಳೆ ಓದುತ್ತಿರಲಿಲ್ಲ. ಮೇಲಿನವರಿಗೆ ಕೆಟ್ಟ ಸುದ್ದಿ ಹೇಳುವುದನ್ನು ಕಲಿಸುತ್ತೀರಾ? ಆ್ಯಪ್ ಬೇಡ ಅಂದರೆ ಬಿಡುತ್ತೀರಾ? ಅದೇ ಪಾಠವನ್ನು ಎರಡು ದಿನಕ್ಕೆ ಕುಗ್ಗಿಸಿ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಆರು ವಾರ ಅನ್ನೋದು ದೀರ್ಘ ಅನ್ನಿಸುತ್ತದೆ, ಆದರೆ ಒಂದು ವಾರ ಕೇಳಿದ್ದನ್ನು ಮುಂದಿನ ವಾರದೊಳಗೆ ನಿಮ್ಮ ಟೀಮಿನ ಹತ್ತಿರ ಮಾಡಿ ನೋಡಲು, ಮಾಡಿದ್ದು ಕೆಟ್ಟರೆ ವಾಪಸ್ ಬಂದು ಕೇಳಲು ಆ ನಡುವಿನ ದಿನಗಳೇ ಬೇಕು. ಫೈಲ್ ಹೆಸರಿನ ಮೀಟಿಂಗ್ ನಾನು ಮಾಡಿದ್ದು ಎರಡನೇ ಮತ್ತು ಮೂರನೇ ವಾರದ ನಡುವೆ, ಒಂದು ಗುರುವಾರ ಸಂಜೆ.